‘ನೀ ಯಾವ ಕಡೆ?’ ಅಂತ ಕೇಳೋಕಿಂತ ಮೊದಲು ಓದಬೇಕಾದ ಒಂದು ಪುಸ್ತಕ

ಭಾಗ 1/5 📖

ಈ ಸಲದ ಪುಸ್ತಕ ‘ದ ನೈಟ್ ಡೈರಿ’. ಬರೆದವರು ವೀರಾ ಹಿರಾನಂದಾನಿ. 2018ರಾಗ ಬಂತು, 2019ರಾಗ ಅಮೆರಿಕದ ನ್ಯೂಬೆರಿ ಗೌರವ ಸಿಕ್ತು. ಇಂಗ್ಲಿಷ್ ಅಂತ ಹೆದರಬ್ಯಾಡ್ರಿ. ಹನ್ನೆರಡು ವರ್ಷದ ಹುಡುಗಿಯ ಡೈರಿ ಇದು, ವಾಕ್ಯ ಎಲ್ಲಾ ಸಣ್ಣ ಸಣ್ಣವು.

ಕಥಿ ಶುರು ಆಗೋದು 1947ರ ಜುಲೈ ತಿಂಗಳಾಗ, ಸಿಂಧ್ ಪ್ರಾಂತ್ಯದ ಮೀರ್‌ಪುರ್ ಖಾಸ್ ಅನ್ನೋ ಊರಾಗ. ನಿಶಾನ ಹುಟ್ಟುಹಬ್ಬಕ್ಕ ಮನಿ ಅಡಿಗಿ ಮಾಡೋ ಕಾಜಿ ಒಂದು ಡೈರಿ ಕೊಡ್ತಾರ. ನಿಶಾಗ ಮಂದಿ ಮುಂದ ಬಾಯಿನ ಬರೂದಿಲ್ಲ. ಅದಕ್ಕ ರಾತ್ರಿ ಕೂತು, ತೀರಿಕೊಂಡ ಅವ್ವಗ ಪತ್ರ ಬರೀತಾಳ. ಅಪ್ಪ ಡಾಕ್ಟರ್, ಹಿಂದೂ. ಅವ್ವ ಮುಸ್ಲಿಂ. ಕಾಜಿನೂ ಮುಸ್ಲಿಂ. ಜೋಡಿ ಹುಟ್ಟಿದ ತಮ್ಮ ಅಮಿಲ್. ಆಗಸ್ಟ್ ಬಂದಾಗ ಇವರೆಲ್ಲಾ ಮನಿ ಬಿಟ್ಟು ಜೋಧಪುರದ ಕಡೆ ಹೊರಡಬೇಕು. ಕಾಜಿ ಮಾತ್ರ ಅಲ್ಲೇ ಉಳೀಬೇಕು.

ಅಪ್ಪಂದು ಒಂದು ಧರ್ಮ, ಅವ್ವಂದು ಇನ್ನೊಂದು. ಹಂಗಾದ್ರ ಮಗಳು ಯಾವ ಕಡೆ? ಇಡೀ ಪುಸ್ತಕ ನಿಂತಿರೋದು ಇದೇ ಪ್ರಶ್ನೆ ಮ್ಯಾಲ.

ನಿಶಾ ಕಲ್ಪನೆ, ಆದ್ರ ಆಕಿ ನಡೆದ ದಾರಿ ಖರೇನ ಐತಿ. ಲೇಖಕಿಯ ತಂದೆ ಮೀರ್‌ಪುರ್ ಖಾಸ್‌ದವರು. ಅವರ ಮನೆತನ ಹಿಂಗ ಗಡಿ ದಾಟಿ ಜೋಧಪುರಕ್ಕ ಬಂದದ್ದು.

ಭಾಗ 2/5 ✂️

ದೇಶ ಹೆಂಗ ಹರೀತು ಅನ್ನೋದನ್ನ ಪರೀಕ್ಷೆಯೊಳಗ ಐದು ಮಾರ್ಕ್ಸಿಗೆ ಬರೆದು ಮರೀತೇವಿ. ಸ್ವಲ್ಪ ನಿಂತು ನೋಡ್ರಿ.

ಸಿರಿಲ್ ರಾಡ್‌ಕ್ಲಿಫ್ ಲಂಡನ್ನಿನ ವಕೀಲ. ಭಾರತಕ್ಕ ಹಿಂದೆಂದೂ ಬಂದವನಲ್ಲ. 1947ರ ಜುಲೈ 8ಕ್ಕ ಬಂದ. ಪಂಜಾಬ್ ಮತ್ತು ಬಂಗಾಳದ ನಡುವ ಗೆರಿ ಎಳೀಲಿಕ್ಕೆ ಅವಗ ಸಿಕ್ಕಿದ್ದು ಐದು ವಾರ. ನಮ್ಮ ಒಂದು ಸೆಮಿಸ್ಟರಿನ ಮೂರನೇ ಒಂದು ಭಾಗನೂ ಅಲ್ಲ! ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ಕ್ಕ, ಗೆರಿ ಎಲ್ಲೈತಿ ಅಂತ ಜನರಿಗೆ ಗೊತ್ತಾಗಿದ್ದು 17ಕ್ಕ. ನಡುವಿನ ಎರಡು ದಿನ ಗಡಿ ಕಡೆಯ ಎಷ್ಟೋ ಊರಿಗೆ ತಾವು ಯಾವ ದೇಶದಾಗ ಅದೇವಿ ಅನ್ನೋದ ಗೊತ್ತಿರಲಿಲ್ಲ. ನಿಶಾನ ಸಿಂಧ್ ಮ್ಯಾಲ ಯಾರೂ ಗೆರಿ ಎಳೀಲಿಲ್ಲ, ಅದು ಇಡಿಯಾಗಿ ಪಾಕಿಸ್ತಾನಕ್ಕ ಹೋತು.

ಮನಿ ಬಿಟ್ಟವರು ಒಂದು ಕೋಟಿಗೂ ಮಿಕ್ಕಿ. ಸತ್ತವರ ಲೆಕ್ಕ ಕೆಲವರು 2 ಲಕ್ಷ ಅಂತಾರ, ಕೆಲವರು 20 ಲಕ್ಷ ಅಂತಾರ.

ಬಿಕಾಂದವ್ರು ಇದನ್ನ ಕೇಳ್ರಿ. ಪಾಲುದಾರಿಕೆ ವಿಸರ್ಜನೆ ಪಾಠ ಮಾಡೇವಲ್ಲ, ಥೇಟ್ ಹಂಗ ಆಸ್ತಿ ಹಂಚಿದ್ರು. ನಗದು ಮತ್ತು ಸಾಲದಾಗ ಪಾಕಿಸ್ತಾನಕ್ಕ ಶೇ. 17.5. ಸರ್ಕಾರಿ ಕಚೇರಿಯ ಮೇಜು, ಕುರ್ಚಿ, ಟೈಪ್‌ರೈಟರ್ 80ಕ್ಕ 20. ಲೆಕ್ಕ ಟ್ಯಾಲಿ ಆತು ಅನ್ರಿ. ಆದ್ರ ಕಾಜಿಯನ್ನ ಯಾರ ಖಾತೆಗೆ ಬರೀಬೇಕು? ನಿಶಾನ ಅವ್ವನ ನೆನಪು ಯಾರ ಪಾಲಿಗೆ? ಆ ಕಾಲಂ ಯಾವ ಲೆಡ್ಜರಿನಾಗೂ ಇಲ್ಲ. ಅದನ್ನ ಬರೀಲಿಕ್ಕೇ ಕಾದಂಬರಿ ಬೇಕಾಗೋದು.

ಭಾಗ 3/5 🗺️

“ಅದು ಪಂಜಾಬ್, ಸಿಂಧ್ ಕಥಿ. ನಮಗೇನ್ ಸಂಬಂಧ?” ಕಳೆದ ವಾರ ಸ್ಟೋರಿ ಹಾಕಿದಾಗ ಮೂರು ಜನ ಇದನ್ನೇ ಕೇಳಿದ್ರಿ. ಉತ್ತರ ಇಲ್ಲೈತಿ.

ಆವಾಗ ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲಾ ಮುಂಬಯಿ ಪ್ರಾಂತ್ಯದಾಗ ಇದ್ವು. ಆಗಸ್ಟ್ 15ಕ್ಕ ನಮಗ ಸ್ವಾತಂತ್ರ್ಯ ಬಂತು. ಆದ್ರ ಪೂರ್ವಕ್ಕ ಹೋದ್ರ ಕಲಬುರಗಿ, ಬೀದರ್, ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಾಗ ಇದ್ವು. ಅವರಿಗೆ ಬರಲಿಲ್ಲ. ನಿಜಾಮ ಭಾರತಕ್ಕ ಸೇರಲಿಲ್ಲ. ಖಾಸಿಂ ರಜ್ವಿಯ ರಜಾಕಾರರು ಊರೂರು ಹೊಕ್ಕು ಸುಲಿದ್ರು, ಕೊಂದ್ರು. ಬೀದರ್ ಜಿಲ್ಲೆಯ ಗೋರ್ಟಾದಾಗ ಆವಾಗ ಸತ್ತವರ ಸ್ಮಾರಕ ಈಗಲೂ ನಿಂತೈತಿ. ಎಷ್ಟೋ ಜನ ಗಡಿ ದಾಟಿ ನಮ್ಮ ಮುಂಬಯಿ ಕರ್ನಾಟಕಕ್ಕ ಬಂದ್ರು. ಮುಂಡರಗಿ, ಗಜೇಂದ್ರಗಡದಾಗ ಹೋರಾಟಗಾರರ ಶಿಬಿರ ಇದ್ವು. 1948ರ ಸೆಪ್ಟೆಂಬರ್ 13ಕ್ಕ ಭಾರತದ ಸೈನ್ಯ ಒಳಗ ಹೋತು, 17ಕ್ಕ ನಿಜಾಮ ಕೈಚೆಲ್ಲಿದ. ಕಲ್ಯಾಣ ಕರ್ನಾಟಕದಾಗ ಸೆಪ್ಟೆಂಬರ್ 17ಕ್ಕ ಧ್ವಜ ಏರಿಸೋದು ಇದಕ್ಕ.

ಇಲ್ಲಿತನಕ ರೀಲ್ಸ್‌ನಾಗ ಸಿಗ್ತೈತಿ. ಮುಂದಿಂದು ಸಿಗೂದಿಲ್ಲ.

ಆಮ್ಯಾಲ ಅದೇ ಊರುಗಳಾಗ ಸೇಡು ಶುರು ಆತು. ರಜಾಕಾರರಿಗೂ ತಮಗೂ ಸಂಬಂಧನ ಇಲ್ಲದ ಮುಸ್ಲಿಂ ಮನಿಗಳ ಮ್ಯಾಲ ಆ ಸೇಡು ಬಿತ್ತು. ನೆಹರೂ ಸರ್ಕಾರ ಪಂಡಿತ ಸುಂದರಲಾಲರ ಸಮಿತಿಯನ್ನ ಕಳಿಸ್ತು. ಕಮ್ಮಿ ಅಂದ್ರೂ 27 ಸಾವಿರದಿಂದ 40 ಸಾವಿರ ಜನ ಸತ್ತಾರ ಅಂತ ಸಮಿತಿ ಅಂದಾಜು ಮಾಡ್ತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ನಾಕು ಜಿಲ್ಲೆಯೊಳಗ ಎರಡು ನಮ್ಮ ಕಲಬುರಗಿ, ಬೀದರ್. ಆ ವರದಿ ದಶಕಗಟ್ಟಲೆ ಜನರ ಕೈಗೆ ಸಿಗಲಿಲ್ಲ.

ಭಾಗ 4/5 🧵

ಈಗ ಕಮೆಂಟ್ ಬಾಕ್ಸಿನಾಗ ಏನಾಗ್ತೈತಿ ಅಂತ ನಿಮಗೂ ಗೊತ್ತು. ಒಬ್ಬರು ಮೊದಲಿನ ಅರ್ಧ ಹಿಡ್ಕೊಂಡು ಬರ್ತಾರ, ಇನ್ನೊಬ್ಬರು ಎರಡನೇ ಅರ್ಧ. ಎರಡೂ ಖರೇ. ಆದ್ರ ಒಂದನ್ನ ಹೇಳಿ ಇನ್ನೊಂದನ್ನ ಮುಚ್ಚಿಟ್ರ, ಅದು ಇತಿಹಾಸ ಅಲ್ಲ, ಬರೀ ಬೈಗುಳ.

ಎರಡೂ ಅರ್ಧಕ್ಕ ಹೊಂದದ ಮನುಷ್ಯರೂ ಇದ್ರು. ಶೋಯಬುಲ್ಲಾ ಖಾನ್ ಅಂತ ಒಬ್ಬ ತರುಣ ಪತ್ರಕರ್ತ, ಹೈದರಾಬಾದಿನ ‘ಇಮ್ರೋಜ್’ ಅನ್ನೋ ಉರ್ದು ಪತ್ರಿಕೆಯ ಸಂಪಾದಕ. ಸಂಸ್ಥಾನ ಭಾರತಕ್ಕ ಸೇರಬೇಕು ಅಂತ ಬರೆದ. 1948ರ ಆಗಸ್ಟ್‌ನಾಗ ರಜಾಕಾರರು ಅವನನ್ನ ಕೊಂದ್ರು. ಅತ್ತ ಸುಂದರಲಾಲ ವರದಿಯೊಳಗ ಹಿಂದೂ ನೇಕಾರರ ಮಾತು ಬರ್ತೈತಿ. ತಮ್ಮ ಜೊತಿ ಮಗ್ಗ ನೇಯೋ ಮುಸ್ಲಿಂ ನೇಕಾರರನ್ನ ಕಾಯಲಿಕ್ಕೆ ಹೋಗಿ ಕೆಲವರು ಜೀವಾನ ಕಳಕೊಂಡ್ರು. ನಮ್ಮ ಕಡೆ ಮಗ್ಗದ ಸದ್ದು ಕೇಳಿ ಬೆಳೆದವರಿಗೆ ಇದು ಬ್ಯಾರೇನ ತಟ್ಟತೈತಿ.

ಇವರನ್ನ ಯಾವ ಕಡೆ ನಿಲ್ಲಸ್ತೀರಿ?

ನನಗ ಬೇಕಾಗಿರೋ ಕಾದಂಬರಿ ಇದು: 1948, ಕಲಬುರಗಿಯ ಒಂದು ಓಣಿ, ಹದಿನಾಕು ವರ್ಷದ ಒಬ್ಬ ಹುಡುಗಿ. ರಜಾಕಾರರು ಬಂದ ರಾತ್ರಿನೂ ಆಕಿ ಕಾಣ್ತಾಳ, ಸೈನ್ಯ ಬಂದು ಹೋದ ಮ್ಯಾಲಿನ ರಾತ್ರಿನೂ ಕಾಣ್ತಾಳ. ಕನ್ನಡದಾಗ, ನಮ್ಮ ವಯಸ್ಸಿನವರಿಗೆ. ಬರೀಲಿಕ್ಕೆ ನಮ್ಮ ಮಣ್ಣಿಗೆ ಬರೂದಿಲ್ಲ ಅನ್ನಬ್ಯಾಡ್ರಿ. 1942ರ ಚಳವಳಿಯಾಗ ಜೈಲಿಗೆ ಹೋಗಿ, ಆ ಹೋರಾಟವನ್ನ ‘ಮಾಡಿ ಮಡಿದವರು’ ಅಂತ ಕಾದಂಬರಿ ಮಾಡಿದ ಬಸವರಾಜ ಕಟ್ಟೀಮನಿ ಹುಟ್ಟಿದ್ದು ಗೋಕಾಕ ತಾಲೂಕಿನ ಮಲಾಮರಡಿಯಾಗ. ಜ್ಞಾನಪೀಠ ತಂದ ಚಂದ್ರಶೇಖರ ಕಂಬಾರರು ಹುಕ್ಕೇರಿ ಕಡೆಯ ಘೋಡಗೇರಿಯವರು.

ಭಾಗ 5/5 🪔

“ನಮ್ಮೂರಾಗ ಹಂಗ ಆಗೂದಿಲ್ಲ ಬಿಡ್ರಿ.” ಇದನ್ನೂ ಕೇಳೇನಿ. ಹೌದು, ನಮ್ಮ ಮೊಹರಂ ನೋಡಿದ್ರ ಯಾರಿಗಾದ್ರೂ ಹಂಗ ಅನಸ್ತೈತಿ. ಡೋಲಿ ಹೊರೋರು ಯಾರು, ಅಲಾಯಿ ಕುಣಿ ಸುತ್ತ ಹೆಜ್ಜಿ ಹಾಕೋರು ಯಾರು, ರಿವಾಯತ್ ಪದ ಹಾಡೋರು ಯಾರು ಅಂತ ಜಾತಿ ಕೇಳಿ ನೋಡ್ರಿ. ಸವದತ್ತಿ ತಾಲೂಕಿನಾಗ ಮುಸ್ಲಿಮರ ಒಂದೂ ಮನಿ ಇಲ್ಲದ ಊರಾಗೂ ಮೊಹರಂ ಮಾಡ್ತಾರ.

ಆದ್ರ ನಿಶಾನ ಮನಿಯಾಗೂ ಕಾಜಿ ಇದ್ರು. ಆಕಿ ಅಪ್ಪನ ಪೇಶಂಟ್‌ಗಳೊಳಗ ಎಲ್ಲಾ ಧರ್ಮದವರೂ ಇದ್ರು. ಕೂಡಿ ಉಂಡದ್ದು, ಕೂಡಿ ಕುಣಿದದ್ದು ಲಸಿಕೆ ಅಲ್ಲ. ಒಂದ್ಸಲ ಹಾಕಿಸಿಕೊಂಡು ನಿಶ್ಚಿಂತಿ ಆಗಿ ಮಲಗಲಿಕ್ಕೆ ಬರೂದಿಲ್ಲ.

ನಮ್ಮ ಬೆಂಚಿನಾಗ ಒಬ್ಬಾಕಿ ಗೆಳತಿ ಅದಾಳ. ಅವರ ಮುತ್ತ್ಯಾ, ಮುತ್ತ್ಯಾನ ಅಪ್ಪ ಎಲ್ಲಾ ಮೂಡಲಗಿ ಕಡೆಯವರೇ. ಆಕಿ ಮಾತಿನಾಗಿನ ಬೆಳಗಾವಿ ಗತ್ತು ನನಗೂ ಇಲ್ಲ. ಇಂಡಿಯಾ–ಪಾಕಿಸ್ತಾನ್ ಮ್ಯಾಚ್ ಇದ್ದಾಗೆಲ್ಲಾ ಯಾರಾದ್ರೂ ಒಬ್ಬರು ಆಕಿಗೆ ಕೇಳೇ ಕೇಳ್ತಾರ: “ನೀ ಯಾವ ಕಡೆ?” ಚಾಷ್ಟಿ ಅಂತಾರ. ಆಕಿನೂ ನಗ್ತಾಳ. ಆಮ್ಯಾಲ ಬಾಟಲಿ ತಗೊಂಡು ನೀರು ತುಂಬಿಸಾಕ ಹೊರಗ ಹೋಗ್ತಾಳ. ಅರ್ಧ ಬಾಟಲಿ ತುಂಬೇ ಇರ್ತೈತಿ.

ನನ್ನ ಪ್ರಕಾರ ರಾಡ್‌ಕ್ಲಿಫ್‌ನ ಗೆರಿಕಿಂತ ಎಷ್ಟೋ ಮೊದಲು ಇಂಥ ಗೆರಿ ಬಿದ್ದಿರ್ತಾವು. ಹನ್ನೆರಡು ವರ್ಷದ ಹುಡುಗಿಯ ಕಡೆ ತಿರುಗಿ ಯಾರೋ ಮೊದಲ್ನೇ ಸಲ ಕೇಳಿದ ದಿನ ಬಿದ್ದಿರ್ತಾವು. ಮುಂದಿನ ಮ್ಯಾಚಿಗೆ ಯಾರಾದ್ರೂ ಹಂಗ ಕೇಳಿದ್ರ, ಉತ್ತರ ಆಕಿ ಒಬ್ಬಾಕೇ ಹುಡುಕಬಾರದು. ಪಕ್ಕದಾಗ ಕೂತವರು “ಅದೇನ್ ಕೇಳ್ತಿ, ನಮ್ಮ ಕಡೆ” ಅಂದುಬಿಡ್ರಿ. ಅಷ್ಟ ಸಾಕು, ಭಾಷಣ ಬ್ಯಾಡ.

ಎರಡು ಕೆಲಸ ಹಚ್ಚೇನಿ ಈ ವಾರ. ಒಂದು, ಮನಿಯಾಗ ಹಿರ್ಯಾರು ಇದ್ರ 1947–48ರ ಬಗ್ಗೆ ತಮ್ಮ ಅವ್ವ–ಅಪ್ಪನ ಬಾಯಿಂದ ಏನ್ ಕೇಳಿದ್ರು ಅಂತ ಕೇಳಿ ಬರಕೊಳ್ರಿ. ಎರಡು, ನನ್ನ ಪುಸ್ತಕ ಓದಲಿಕ್ಕೆ ಬೇಕಾದವರು ಮೆಸೇಜ್ ಹಾಕ್ರಿ, ಗೋಕಾಕ ಬಸ್‌ಸ್ಟ್ಯಾಂಡಿನಾಗ ಕೈಗೆ ಕೊಡ್ತೇನಿ. ಷರತ್ತು ಒಂದೇ: ನನಗ ವಾಪಸ್ ಕೊಡಬ್ಯಾಡ್ರಿ. ಓದಿ ಮುಗಿಸಿ ಮೂಡಲಗಿಯವರು ಹುಕ್ಕೇರಿಯವರಿಗೆ ದಾಟಸ್ರಿ, ಹುಕ್ಕೇರಿಯವರು ಮುಂದಿನವರಿಗೆ. ಮೊದಲ್ನೇ ಪುಟದಾಗ ಹೆಸರು, ಊರು ಬರೀರಿ. ಸದ್ಯಕ್ಕ ಅಲ್ಲಿ ಎರಡು ಹೆಸರು ಅದಾವ, ನಂದು ಮತ್ತ ಬೆಂಚಿನ ಗೆಳತೀದು.

#ಓದೋಣಬರ್ರಿ #ಗೋಕಾಕ #ಮೂಡಲಗಿ #ಹುಕ್ಕೇರಿ #ದನೈಟ್‌ಡೈರಿ