ಬಿಕಾಂ ಡೈರಿ, ಭಾಗ 9: ಆ ನೋಟ್ಸ್ ಯಾರದ್ದು?

ನಮ್ಮ ನೋಟ್ಸ್ ಸೈಟಲ್ಲಿ ಎರಡು ಫೈಲ್ ಯಾಕೆ ಕಾಣ್ತಿಲ್ಲ, ಸೈಟ್ ಮುಚ್ತೀರಾ ಅಂತ ಡಿಎಂ ಮೇಲೆ ಡಿಎಂ ಬರ್ತಿದೆ. ಮುಚ್ಚಲ್ಲ. ಆದ್ರೆ ಏನಾಯ್ತು ಅಂತ ನಿಮಗೆ ಗೊತ್ತಿರಬೇಕು, ಯಾಕಂದ್ರೆ ಅಲ್ಲಿ ಅಪ್‌ಲೋಡ್ ಮಾಡೋರು ನೀವೇ.

ಪರೀಕ್ಷೆಗೆ ಎರಡು ವಾರ ಇದ್ದಾಗ ಮೂರು ಕಾಪಿರೈಟ್ ತಕರಾರು ಬಂತು. ಮೊದಲನೇದು ಒಂದು ಗೈಡ್ ಪ್ರಕಾಶಕರ ಇಮೇಲ್. ಯಾರೋ ಅವರ ಕಾಸ್ಟ್ ಅಕೌಂಟಿಂಗ್ ಗೈಡನ್ನ ಮುಖಪುಟದಿಂದ ಹಿಂದಿನ ರಟ್ಟಿನವರೆಗೂ ಸ್ಕ್ಯಾನ್ ಮಾಡಿ ಹಾಕಿದ್ರು, ಬೆಲೆ ಸಮೇತ! ಸೈಟ್ ನಡೆಸೋ ನಾಲ್ಕು ಜನರಲ್ಲಿ ಒಬ್ಬ ಹೆದರಿ, "ಎಲ್ಲಾ ಡಿಲೀಟ್ ಮಾಡಿಬಿಡೋಣ ಕಣೇ" ಅಂದ. ಇನ್ನೊಬ್ಬ, "ದೆಹಲಿ ಜೆರಾಕ್ಸ್ ಕೇಸ್ ಗೊತ್ತಿಲ್ವಾ? ಸ್ಟೂಡೆಂಟ್ಸ್ ಗೆದ್ದಿದ್ದಾರೆ, ಏನೂ ತೆಗೀಬೇಡ" ಅಂದ.

ಆ ಕೇಸ್ ನಿಜ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಆಂಡ್ ಫ್ರಾನ್ಸಿಸ್ ಸೇರಿ ದೆಹಲಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ರಾಮೇಶ್ವರಿ ಫೋಟೋಕಾಪಿ ಅಂಗಡಿ ಮೇಲೆ ಕೇಸ್ ಹಾಕಿದ್ವು. 2016ರಲ್ಲಿ ದೆಹಲಿ ಹೈಕೋರ್ಟ್, ಪಾಠಕ್ಕೆ ಬೇಕಾದಷ್ಟು ಭಾಗ ನಕಲು ಮಾಡೋದಕ್ಕೆ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಲ್ಲೇ ಜಾಗ ಇದೆ ಅಂತು. 2017ರಲ್ಲಿ ಪ್ರಕಾಶಕರೇ ಕೇಸ್ ವಾಪಸ್ ತಗೊಂಡ್ರು. ಓದಿದಾಗ ನನಗೂ ಖುಷಿಯಾಗಿತ್ತು. ಆದ್ರೆ ಅಲ್ಲಿದ್ದದ್ದು ಸಿಲಬಸ್‌ಗೆ ತಕ್ಕಂತೆ ಬೇರೆ ಬೇರೆ ಪುಸ್ತಕಗಳಿಂದ ಆರಿಸಿದ ಅಧ್ಯಾಯಗಳ ಕೋರ್ಸ್ ಪ್ಯಾಕ್. ನಮ್ಮಲ್ಲಿದ್ದದ್ದು ಅಂಗಡೀಲಿ ಸಿಗೋ ಗೈಡ್ ಪೂರ್ತಿ, ಜಗತ್ತಿನಲ್ಲಿ ಯಾರು ಬೇಕಾದ್ರೂ ಇಳಿಸಿಕೊಳ್ಳೋ ಹಾಗೆ. ಆ ತೀರ್ಪನ್ನ ಇದಕ್ಕೆ ಅಂಟಿಸೋದು ನನ್ನ ಪ್ರಕಾರ ಜಾಣತನ ಅಲ್ಲ, ಮೊಂಡುತನ.

ಹಾಗಾದ್ರೆ ಏನು ಮಾಡೋದು? 2013ರ ಕಾಪಿರೈಟ್ ನಿಯಮಗಳಲ್ಲಿ 75ನೇ ನಿಯಮ ಅಂತ ಇದೆ. ದೂರು ಬರಹದಲ್ಲಿರಬೇಕು. ಕೃತಿ ಯಾವುದು, ಅದು ನಿಮ್ಮದು ಅನ್ನೋದಕ್ಕೆ ಆಧಾರ ಏನು, ನಕಲು ಯಾವ ಜಾಗದಲ್ಲಿದೆ, ಎಲ್ಲ ಹೇಳಬೇಕು. ಕೋರ್ಟಿಗೆ ಹೋಗಿ 21 ದಿನದಲ್ಲಿ ಆದೇಶ ತರ್ತೀವಿ ಅಂತಾನೂ ಬರೆದುಕೊಡಬೇಕು. ದೂರು ಸರಿ ಅನ್ನಿಸಿದ್ರೆ 36 ಗಂಟೆಯೊಳಗೆ ಆ ಫೈಲ್ ಯಾರಿಗೂ ಸಿಗದ ಹಾಗೆ ಮಾಡಬೇಕು, ಯಾಕೆ ಅಂತ ಅಲ್ಲೇ ತಿಳಿಸಬೇಕು. 21 ದಿನದಲ್ಲಿ ಆದೇಶ ಬರದಿದ್ರೆ ವಾಪಸ್ ಹಾಕಬಹುದು. ನಮ್ಮಂಥ ಸೈಟ್‌ಗೆ ಇದು ಪೂರ್ತಿ ಹೊಂದುತ್ತಾ ಅಂತ ವಕೀಲರು ವಾದ ಮಾಡಬಹುದು, ಆದ್ರೂ ಹಿಡಿದು ನಡೆಯೋಕೆ ಒಂದು ದಾರಿ ಅಂತೂ ಆಯ್ತು. ಗೈಡನ್ನ ಅವತ್ತು ಸಂಜೇನೇ ತೆಗೆದ್ವಿ. 21 ದಿನ ಎಣಿಸ್ತಾ ಕೂರೋ ಪ್ರಶ್ನೆನೇ ಇರಲಿಲ್ಲ, ಅದು ಅವರದ್ದೇ ಪುಸ್ತಕ.

ಎರಡನೇದು ಒಂದು ಕೋಚಿಂಗ್ ಸೆಂಟರ್‌ದು. ಬ್ಯಾಲೆನ್ಸ್ ಶೀಟ್ ಫಾರ್ಮ್ಯಾಟ್ ಅವರದ್ದಂತೆ! ಅದು 2013ರ ಕಂಪನಿ ಕಾಯ್ದೆಯ ಶೆಡ್ಯೂಲ್ 3 ಕಣ್ರೀ, ಪಾರ್ಲಿಮೆಂಟ್ ಮಾಡಿದ್ದು. ಅದರಲ್ಲಿ ಲೆಕ್ಕ ಬಿಡಿಸಿ ಹಾಕಿದ್ದು ನಮ್ಮ ಕ್ಲಾಸಿನ ಹುಡುಗ, ಅಂಕಿಗಳೂ ಅವನೇ ಮಾಡಿಕೊಂಡದ್ದು. "ನಿಮ್ಮ ಯಾವ ಪುಟ ನಕಲಾಗಿದೆ ತೋರಿಸಿ ಸರ್" ಅಂತ ಮರ್ಯಾದೆಯಾಗಿ ಬರೆದೆ. ಉತ್ತರ ಇಲ್ಲ. ಫೈಲ್ ಹಾಗೇ ಇದೆ. ಹೆದರಿ ತೆಗೆದಿದ್ರೆ ಅವನು ರಾತ್ರಿ ಕೂತು ಮಾಡಿದ ಕೆಲಸ ಹೋಗ್ತಿತ್ತು.

ಮೂರನೇದಕ್ಕೆ ಲೆಟರ್‌ಹೆಡ್ ಇರಲಿಲ್ಲ, ಸೆಕ್ಷನ್ ನಂಬರ್ ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ವಾಟ್ಸಾಪ್ ಮೆಸೇಜ್: "ಅಕ್ಕಾ, ಬಿಸಿನೆಸ್ ಲಾ ನೋಟ್ಸ್ ನನ್ನ ಕೈಬರಹ. ಪಕ್ಕದಲ್ಲಿ ಕೂರೋಳು ಓದೋಕೆ ಅಂತ ಇಸ್ಕೊಂಡು ಅವಳ ಹೆಸರಲ್ಲಿ ಹಾಕಿದ್ದಾಳೆ."

ಫಸ್ಟ್ ಇಯರ್ ಹುಡುಗಿ. ಹಾಸ್ಟೆಲ್‌ನಲ್ಲಿ ಕೂತು ಸ್ವಂತ ಮಾತಲ್ಲಿ, ಸ್ವಂತ ಉದಾಹರಣೆ ಕೊಟ್ಟು ಬರೆದಿದ್ದು. ಒಪ್ಪಂದ ಅಂದ್ರೇನು ಅನ್ನೋದಕ್ಕೆ ಅವಳು ಕೊಟ್ಟಿರೋ ಉದಾಹರಣೆ ಅವರ ಊರಿನ ಹಾಲಿನ ಡೈರಿದು. ಅಂಥದ್ದನ್ನ ಯಾವ ಗೈಡಲ್ಲೂ ನೋಡಿಲ್ಲ ನಾನು. ಕಾಪಿರೈಟ್ ಬರೋಕೆ ನಮ್ಮ ದೇಶದಲ್ಲಿ ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ, ಬರೆದಾಗಲೇ ಅದು ಬರೆದವರದ್ದು. ಪ್ರಕಾಶಕರಿಗೆ ಗೈಡ್ ಹೇಗೋ ಇವಳಿಗೆ ಆ ನೋಟ್‌ಬುಕ್ ಹಾಗೆ.

ಗ್ರೂಪಲ್ಲಿ ಜಗಳ ಆಗಿದ್ದು ಇದಕ್ಕೇ ನೋಡಿ. ನಮ್ಮಲ್ಲಿ ಅತಿ ಹೆಚ್ಚು ಡೌನ್‌ಲೋಡ್ ಆಗಿದ್ದ ಫೈಲ್ ಅದು. "ಪರೀಕ್ಷೆ ಮುಗಿಯೋವರೆಗೆ ಇರಲಿ, ಅವಳೇನು ಕೋರ್ಟಿಗೆ ಹೋಗ್ತಾಳಾ?" ಅಂದ್ರು. ಗೈಡಿನವರು ಹೋಗ್ತಾರೆ ಅಂತ ತೆಗೆದು, ಇವಳು ಹೋಗಲ್ಲ ಅಂತ ಇಟ್ಕೊಳ್ಳೋದಾ? ಪಾಸ್‌ವರ್ಡ್ ನನ್ನ ಹತ್ರ ಇತ್ತು, ತೆಗೆದೆ. ಎರಡು ದಿನ ಕ್ಯಾಂಟೀನಲ್ಲಿ ಒಬ್ಬಳೇ ಟೀ ಕುಡಿದೆ, ಪರವಾಗಿಲ್ಲ.

ಈಗ ಅಪ್‌ಲೋಡ್ ಮಾಡೋಕೆ ಮುಂಚೆ "ಬರೆದವರು ಯಾರು, ಅವರನ್ನ ಕೇಳಿದ್ರಾ" ಅಂತ ಎರಡು ಪ್ರಶ್ನೆ ಬರುತ್ತೆ. ಕಿರಿಕಿರಿ ಅಂತ ಬೈಬೇಡಿ.

ಹೋದ ವಾರ ಆ ಹುಡುಗಿ ಮೊದಲ ಎರಡು ಯೂನಿಟ್ ತಾನೇ ಹಾಕಿದ್ದಾಳೆ, ತನ್ನ ಹೆಸರಲ್ಲಿ. ಮೂರನೇ ಯೂನಿಟ್ ಕೊಟ್ಟಿಲ್ಲ. ಅದಕ್ಕಾಗಿ ನನಗೆ ಡಿಎಂ ಮಾಡಬೇಡಿ, ಬೇಕಿದ್ರೆ ಅವಳನ್ನೇ ಕೇಳಿ.

#ಬಿಕಾಂಡೈರಿ #ನೋಟ್ಸ್ #ಕಾಪಿರೈಟ್