ಮದ್ದು ಬೇಡದ ಗುಳ್ಳೆಗಳು

ಮಕ್ಕಳ ಮೈಮೇಲೆ ಏನಾದರೂ ಎದ್ದರೆ ನಮ್ಮ ಭೀಮಾ ದಂಡೆಯ ಊರುಗಳಲ್ಲಿ ಅದಕ್ಕೆ ಹೆಸರಿಡಲು ಹೊತ್ತಾಗುವುದಿಲ್ಲ. ಕನ್ನಡದ ಓಣಿಯಲ್ಲಿ ಅದು ಅಮ್ಮ, ಇಲ್ಲವೇ ಗೊಬ್ಬರ. ನಮ್ಮ ಉರ್ದು ಮನೆಗಳಲ್ಲಿ ಖಸ್ರಾ. ಗಡಿಯಾಚೆ ಸೊಲ್ಲಾಪುರದ ಕಡೆ ಗೋವರ. ಹೆಸರು ಬೇರೆಯಾದರೂ ಉಪಚಾರ ಒಂದೇ: ಹಾಸಿಗೆಗೆ ಬೇವಿನ ತಪ್ಪಲು, ಒಲೆಯ ಮೇಲೆ ಒಗ್ಗರಣೆ ಇಲ್ಲ, ಮಗುವಿಗೆ ಸ್ನಾನವಿಲ್ಲ.

ಸೊನ್ನದ ನಮ್ಮ ಮನೆಯಲ್ಲಿ ಎರಡು ವರ್ಷದ ಹುಡುಗಿಗೆ ನೆಗಡಿ ಬಂದು ಹೋದ ವಾರಕ್ಕೆ ಕೆನ್ನೆ, ಮೊಣಕೈ, ಮೊಣಕಾಲು, ಕುಂಡೆಗಳ ಮೇಲೆ ಸಜ್ಜೆಕಾಳಿನಷ್ಟು ಕೆಂಪು ಗುಳ್ಳೆಗಳೆದ್ದವು. ಎದೆ, ಬೆನ್ನು, ಹೊಟ್ಟೆ ಮಾತ್ರ ನುಣ್ಣಗೆ. ಜ್ವರವಿಲ್ಲ, ಆಟ ಬಿಟ್ಟಿಲ್ಲ. ದಾದಿ ಗರ್ಮಿ ಎಂದರು. ಪಕ್ಕದ ಮನೆಯವರು ಬದನೆಕಾಯಿಯ ನಂಜು ಎಂದರು. ಒಬ್ಬ ಡಾಕ್ಟರರು ಸೂಜಿ ಚುಚ್ಚಿ ಮುಲಾಮು ಕೊಟ್ಟರು. ಗುಳ್ಳೆ ಹೆಚ್ಚೇ ಆದವು. ಕೊನೆಗೆ ಕಲಬುರಗಿಯ ಚರ್ಮವೈದ್ಯರು ಮಗುವಿನ ಹೊಟ್ಟೆ ಒತ್ತಿ ನೋಡಿದರು, ಲಸಿಕೆಯ ಕಾರ್ಡ್ ಕೇಳಿದರು, ಎರಡು ತಿಂಗಳಾದರೂ ಹಿಡಿಯಬಹುದು ಎಂದರು.

“ಗುಳಿಗಿ ಬರ್ದು ಕೊಡ್ರಿ ಸರ.”

“ಬೇಕಾಗಿಲ್ಲಮ್ಮ, ತಾನೇ ಹೋಗ್ತದ.”

ಫೀಸು ಕೊಟ್ಟು, ಬರಿಗೈಯಲ್ಲಿ ಬಸ್ಸು ಹತ್ತಿದಾಗ ನಮಗೆ ಮೋಸ ಹೋದಂತೆಯೇ ಅನಿಸಿತು. ಚೀಟಿ ಬರೆಯದವನು ಎಂಥ ಡಾಕ್ಟರ್ ಎನ್ನುವ ಮನಸ್ಸು ನಮ್ಮದು. ಬೇಡದ ಸೂಜಿಗಳು ಹುಟ್ಟುವುದರಲ್ಲಿ ಈ ಮನಸ್ಸಿನ ಪಾಲೂ ಇದೆ. ಆರನೆಯ ವಾರಕ್ಕೆ ಗುಳ್ಳೆ ಇಳಿದವು, ಕಲೆಯೂ ಉಳಿಯಲಿಲ್ಲ.

ಆ ಗುಳ್ಳೆಗಳಿಗೆ ಜಿಯನೊಟ್ಟಿ-ಕ್ರೋಸ್ಟಿ ಎಂದು ಹೆಸರು. 1955ರಲ್ಲಿ ಮಿಲಾನಿನ ಜಿಯನೊಟ್ಟಿ ಇದನ್ನು ಮೊದಲು ವಿವರಿಸಿದರು. ದೇಹ ಯಾವುದಾದರೊಂದು ವೈರಾಣುವನ್ನು ಎದುರಿಸುವಾಗ ಚರ್ಮ ತೋರುವ ಪ್ರತಿಕ್ರಿಯೆ ಇದು. ಆರಂಭದ ದಿನಗಳಲ್ಲಿ ಹೆಪಟೈಟಿಸ್ ಬಿ ಜೊತೆ ಕಂಡದ್ದರಿಂದಲೇ ವೈದ್ಯರು ಇಂದಿಗೂ ಯಕೃತ್ತನ್ನು ಮುಟ್ಟಿ ನೋಡುತ್ತಾರೆ.

ಇನ್ನೊಂದು ಬಗೆ ರೋಸಿಯೋಲ. ಮೂರ್ನಾಲ್ಕು ದಿನ ಸುಡುವ ಜ್ವರ, ಜ್ವರ ಇಳಿದ ದಿನವೇ ಮೈತುಂಬ ಗುಲಾಬಿ ಚುಕ್ಕೆ. ಅಷ್ಟರೊಳಗೆ ಮಗುವಿನ ಹೊಟ್ಟೆಗೆ ಆ್ಯಂಟಿಬಯೋಟಿಕ್ ಹೋಗಿರುತ್ತದೆ. ಚುಕ್ಕೆ ಕಂಡು “ಈ ಔಷಧ ಒಗ್ಗುವುದಿಲ್ಲ” ಎಂಬ ಮುದ್ರೆ ಬಿದ್ದರೆ, ಮುಂದೆ ನಿಜಕ್ಕೂ ಬೇಕಾದಾಗ ಒಳ್ಳೆಯ ಔಷಧವೊಂದು ಆ ಮಗುವಿಗೆ ಸಿಗದೆ ಹೋಗಬಹುದು. 2022ರಲ್ಲಿ ಕೇರಳದ ಕೊಲ್ಲಂನಲ್ಲಿ ಕಾಣಿಸಿ ಕರ್ನಾಟಕದ ಗಡಿಯನ್ನೂ ಬೆಚ್ಚಿಸಿದ ‘ಟೊಮೆಟೊ ಜ್ವರ’ ಬಹುಮಟ್ಟಿಗೆ ಕೈ-ಕಾಲು-ಬಾಯಿ ರೋಗದ್ದೇ ಇನ್ನೊಂದು ಮುಖ ಎಂದು ತಜ್ಞರು ಕಂಡುಕೊಂಡರು. ಅದೂ ಸಾಮಾನ್ಯವಾಗಿ ವಾರ, ಹತ್ತು ದಿನಕ್ಕೆ ಹೋಗುವಂಥದು. ಬಾಯಿಹುಣ್ಣಿನಿಂದ ಮಗು ನೀರು ಬಿಡದಂತೆ ನೋಡಿಕೊಂಡರೆ ಆಯಿತು.

ಸಾವಿರ ವರ್ಷಕ್ಕೂ ಹಿಂದೆ ರೇ ನಗರದ ವೈದ್ಯ ಅಬೂಬಕರ್ ಅಲ್-ರಾಝಿ ಸಿಡುಬು ಮತ್ತು ದಡಾರಗಳನ್ನು ಬೇರ್ಪಡಿಸಲೆಂದೇ ಅರಬಿಯಲ್ಲಿ ಒಂದು ಪುಸ್ತಕ ಬರೆದರು. ಬೆನ್ನುನೋವು ಯಾವುದರಲ್ಲಿ ಹೆಚ್ಚು, ವಾಕರಿಕೆ ಯಾವುದರಲ್ಲಿ ಹೆಚ್ಚು ಎಂದು ರೋಗಿಯನ್ನು ನೋಡಿ ನೋಡಿ ಬರೆದದ್ದು. ಅವರ ಹೆಸರನ್ನು ಹೆಮ್ಮೆಯಿಂದ ಹೇಳುವ ನಾವು ಎದ್ದದ್ದಕ್ಕೆಲ್ಲ ಖಸ್ರಾ ಎಂದು ಸುಮ್ಮನಾಗುತ್ತೇವೆ!

ಏಕೆಂದರೆ ನಿಜವಾದ ಖಸ್ರಾ ಬಂದಾಗ ಬೇವಿನ ತಪ್ಪಲು ನಂಬಿ ಕೂರುವಂತಿಲ್ಲ. ಏರು ಜ್ವರ, ಕೆಮ್ಮು, ಕೆಂಗಣ್ಣು, ಕಿವಿಯ ಹಿಂದಿನಿಂದ ಕೆಳಗಿಳಿಯುವ ಗಂಧೆ — ಇದು ನ್ಯುಮೋನಿಯಾಕ್ಕೆ ತಿರುಗಿ ಜೀವ ತೆಗೆಯಬಲ್ಲದು. ಇದಕ್ಕೆ ವಿಟಮಿನ್ ಎ ಕೊಡಬೇಕು, ಆಸ್ಪತ್ರೆಗೆ ತಿಳಿಸಬೇಕು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಮೊಬೈಲುಗಳಲ್ಲಿ ಹರಿದ ಸುಳ್ಳು ಸುದ್ದಿಗಳನ್ನು ನಂಬಿ ಮಕ್ಕಳನ್ನು ಬಚ್ಚಿಟ್ಟ ಮನೆಗಳು ನಮ್ಮಲ್ಲೂ ಇದ್ದವು. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು ಡೋಸು ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಗಾಜಿನ ಲೋಟ ಒತ್ತಿದರೂ ಮಾಸದ ಚುಕ್ಕೆ, ಮಂಪರು, ಏದುಸಿರು ಕಂಡರೂ ಹೊತ್ತು ಕಳೆಯುವಂತಿಲ್ಲ. ರಾತ್ರಿಯಾದರೆ ರಾತ್ರಿಯೇ ಹೊರಡಬೇಕು, ಗಾಡಿ ಸಿಗದಿದ್ದರೆ 108ಕ್ಕೆ ಫೋನು ಮಾಡಬೇಕು. ಲಸಿಕೆಯ ಕಾರ್ಡ್ ಕೈಯಲ್ಲಿರಲಿ, ಡಾಕ್ಟರರು ಮೊದಲು ಕೇಳುವುದು ಅದನ್ನೇ.