ಮಕ್ಕಳಿಗೂ ಬರ್ತದ ರೀ ಮೈಗ್ರೇನ್!

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಮಕ್ಕಳು ತಲೆನೋವು ಅಂದ್ರೆ ನಂಬೋರು ಕಡಿಮೆ. "ಸಾಲಿ ತಪ್ಪಿಸಾಕ ನಾಟಕ" ಅಂತಾರೆ, ಇಲ್ಲಾ ದೃಷ್ಟಿ ತೆಗೀತಾರೆ. ಬೆಂಗಳೂರು ಸುತ್ತಮುತ್ತ ನಡೆದ ಸಮೀಕ್ಷೆಯೊಂದರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು. ಆದರೆ ಎಣಿಸಿದ್ದು 18ರಿಂದ 65 ವಯಸ್ಸಿನವರನ್ನ ಮಾತ್ರ!

ನನಗೂ ಮೈಗ್ರೇನ್, ಒಂಬತ್ತು ವರ್ಷದ ಮಗಳಿಗೂ ಮೈಗ್ರೇನ್. ಆದರೆ ಒಂದೇ ಥರ ಅಲ್ಲ. ನನಗೆ ತಲೆಯ ಒಂದೇ ಕಡೆ, ಒಮ್ಮೊಮ್ಮೆ ಎರಡು ದಿನ. ಅವಳಿಗೆ ಹಣೆ ತುಂಬಾ, ಎರಡು-ಮೂರು ತಾಸು. ವಾಂತಿ ಮಾಡಿ, ಕತ್ತಲೆ ಕೋಣೆಯಲ್ಲಿ ಮಲಗಿ ಎದ್ದರೆ ಆರಾಮ. ಕೆಲವು ಮಕ್ಕಳಿಗಂತೂ ತಲೆ ಬದಲು ಹೊಟ್ಟೆಯೇ ನೋಯುತ್ತೆ.

ನನ್ನ ಗುಳಿಗೆ ಮುರಿದು ಅವಳಿಗೆ ಕೊಡೋದಿಲ್ಲ. ಮಕ್ಕಳಿಗೆ ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್, ನೋವು ಶುರುವಾದ ಕೂಡಲೇ. ಆಸ್ಪಿರಿನ್ ಬೇಡವೇ ಬೇಡ. ದೊಡ್ಡವರಿಗೆ ದಿನಾ ಕೊಡುವ ಅಮಿಟ್ರಿಪ್ಟಿಲಿನ್, ಟೊಪಿರಾಮೇಟ್‌ಗಳು 2017ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಮಕ್ಕಳಿಗೆ ಔಷಧಿಯಿಲ್ಲದ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ. ಹೊತ್ತಿಗೆ ರೊಟ್ಟಿ, ನೀರು, ನಿದ್ದೆ, ಬಿಸಿಲಿಗೆ ಟೋಪಿ... ನಮ್ಮ ಮನೆ ಔಷಧಿ ಇಷ್ಟೇ.

ನೋವಿಗೆ ನಿದ್ದೆಯಿಂದ ಎಚ್ಚರಾದರೆ, ಕಣ್ಣು ಮಂಜಾದರೆ, ನಡೆಯುವಾಗ ಓಲಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗ್ರಿ. ಉಳಿದಂತೆ, ಮಗು ತಲೆನೋವು ಅಂದ್ರೆ ಮೊದಲು ನಂಬ್ರಿ. ಮಾಸ್ತರರಿಗೂ ಇದೇ ಮಾತು!